ಅಂಕಿ ಕಾಣುವವರೆಗೆ ಒರೆಸು

ಜನವರಿ 9

ಗಿಡ್ಡಿ,

ನಾನು ಕ್ಷೇಮ. ಗಾಡಿ ಕ್ಷೇಮವಿಲ್ಲ. ಅದಕ್ಕೇ ಈ ಕಾಗದ.

ಫೋನಿನಲ್ಲೇ ಹೇಳಬಹುದಿತ್ತು, ಗೊತ್ತು. ಆದರೆ ಫೋನಿನಲ್ಲಿ ನೀನು ‘ಹೂಂ, ಹೂಂ’ ಅನ್ನುವುದು ಬಿಟ್ಟರೆ ಬಾಯಿ ಬಿಡುವುದಿಲ್ಲ. ಬರೀ ‘ಹೂಂ’ ಅಂತ ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮ ಮುದುಕಿಯ ಡ್ಯಾಶ್‌ಬೋರ್ಡಿನಲ್ಲಿರುವ ಮೂರೂ ಮೀಟರುಗಳಿಗೆ ಪೊರೆ ಕಟ್ಟಿದೆ. ದೊಡ್ಡದರಲ್ಲಿ ವೇಗದ ಅಂಕಿ ಕಾಣುವುದಿಲ್ಲ. ಚಿಕ್ಕವೆರಡರಲ್ಲಿ ಪೆಟ್ರೋಲ್ ಎಷ್ಟಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ ತಿಳಿಯುವುದಿಲ್ಲ. ಗಾಜಿನ ಹಿಂದೆ ಹಾಲು ಚೆಲ್ಲಿದ ಹಾಗಿದೆ. ಹೊರಗಿನಿಂದ ಎಷ್ಟು ಒರೆಸಿದರೂ ಅಷ್ಟೇ, ಕೊಳೆ ಒಳಗಿನದು. ಗ್ಯಾರೇಜಿನವನಿಗೆ ತೋರಿಸಿದರೆ, “ನಂಗೇನೋ ಚೆನ್ನಾಗೇ ಕಾಣ್ತಿದೆ ಮೇಡಂ. ಬೇಕಿದ್ರೆ ಪೂರ್ತಿ ಡ್ಯಾಶ್‌ಬೋರ್ಡೇ ಹೊಸದು ಹಾಕಿಸ್ಬಿಡಿ” ಅಂದ. ಮೊದಲು ಅವನ ತಲೆಗೆ ಹೊಸದು ಹಾಕಿಸಬೇಕು. ಈ ಊರಿನ ಅರ್ಧ ಹೆಂಗಸರು ಸ್ಟೇರಿಂಗ್ ಹಿಡಿಯಲು ಕಲಿತದ್ದು ಇದೇ ಗಾಡಿಯಲ್ಲಿ. ಅದಕ್ಕೆ ಪ್ಲಾಸ್ಟಿಕ್ ಮುಖ ಅಂಟಿಸಲು ನಾನು ಬಿಡುವವಳಲ್ಲ.

ಈಗ ಎದುರು ಬೀದಿಯ ಟೈಲರಮ್ಮ ಕಲಿಯುತ್ತಿದ್ದಾಳೆ. ಅಂಗಡಿಗಳಿಗೆ ಬಟ್ಟೆ ಗಂಟು ಹೊತ್ತು ಹೊತ್ತು ಅವಳ ಬೆನ್ನು ಬಿದ್ದುಹೋಗಿದೆಯಂತೆ, ಸ್ವಂತ ವ್ಯಾನು ಓಡಿಸಬೇಕಂತೆ. ಬೇಸಿಗೆಯಲ್ಲಿ ಅವಳಿಗೆ ಲೈಸೆನ್ಸ್ ಪರೀಕ್ಷೆ. ನನ್ನ ನಿಯಮ ನಿನಗೆ ಗೊತ್ತಲ್ಲ, ಲೈಸೆನ್ಸ್ ಸಿಗುವವರೆಗೆ ನಲವತ್ತು ದಾಟುವಂತಿಲ್ಲ. ನಲವತ್ತು ಎಲ್ಲಿದೆ ಅಂತ ಕಾಣದಿದ್ದರೆ ದಾಟಬೇಡ ಅಂತ ಗದರಿಸುವುದು ಹೇಗೆ?

ನೀನು ಹಡಗಿನ ಮೀಟರುಗಳನ್ನೇ ಬಿಚ್ಚಿ ಜೋಡಿಸುವವಳು. ಇದು ನಿನಗೆ ಎಡಗೈ ಕೆಲಸ. ಬಾ ಅಂತ ಕರೆಯುತ್ತಿಲ್ಲ, ಕರೆದರೂ ಬರುವುದಿಲ್ಲ, ಬಂದರೂ ಹಿಂದಿನ ಸೀಟಿನಲ್ಲಿ ಕೂರುತ್ತೀಯ. ಹೇಗೆ ಬಿಚ್ಚಬೇಕು ಅಂತ ಬರೆದು ಕಳಿಸು. ಕೈ ನನ್ನದಿದೆ.

ಇನ್ನೂ ಗಟ್ಟಿಯಾಗಿರುವ
ಅಮ್ಮ

*

ಜನವರಿ 21

ಅಮ್ಮಾ,

ಹೂಂ.

ನಗು ಬಂತಾ? ಸರಿ, ಮುಂದೆ ಓದು.

ಮೊದಲು ಬ್ಯಾಟರಿಯ ವೈರು ಬಿಚ್ಚು. ‘ಏನೂ ಆಗಲ್ಲ’ ಅಂತ ಬಿಡಬೇಡ, ಆಗುತ್ತದೆ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಕೈ ಹಾಕು. ದೊಡ್ಡ ಮೀಟರಿನ ಬೆನ್ನಿಗೆ ಒಂದು ದಪ್ಪ ಕೇಬಲ್ ಇರುತ್ತದೆ. ಅದರ ಕತ್ತಿನಲ್ಲಿರುವ ತಿರುಪನ್ನು ಬೆರಳಿನಿಂದಲೇ ತಿರುಗಿಸು, ಇಕ್ಕಳ ಹಾಕಿದರೆ ಹಲ್ಲು ಸವೆಯುತ್ತದೆ. ಪಕ್ಕದಲ್ಲಿ ಎರಡು ಪುಟ್ಟ ನಟ್ಟು, ಅವು ಹಿಡಿದಿರುವ ಒಂದು ಕಬ್ಬಿಣದ ಪಟ್ಟಿ. ಅವು ಬಂದರೆ ಮೀಟರ್ ಮುಂದಿನಿಂದ ಜಾರಿ ನಿನ್ನ ಕೈಗೆ ಬರುತ್ತದೆ. ಬಲ್ಬನ್ನು ಹೋಲ್ಡರ್ ಸಮೇತ ಎಳೆದುಬಿಡು. ಚಿಕ್ಕ ಮೀಟರುಗಳಿಗೆ ಕೇಬಲ್ ಇಲ್ಲ, ವೈರು ಮಾತ್ರ. ಯಾವ ವೈರು ಎಲ್ಲಿಯದು ಅಂತ ತಿಳಿಯಲು ಟೈಲರಮ್ಮನಿಂದ ಬಣ್ಣದ ದಾರ ಇಸಿದುಕೊಂಡು ಕಟ್ಟು. ಪೆಟ್ರೋಲ್ ಮೀಟರಿನ ವೈರಿಗೆ ನೀಲಿ, ಬಿಸಿ ತೋರಿಸುವುದಕ್ಕೆ ಕಪ್ಪು.

ಮೀಟರಿನ ಮುಖದ ಸುತ್ತ ಹೊಳೆಯುವ ರಿಂಗ್ ಇದೆಯಲ್ಲ, ಅದು ಡಬ್ಬಿಯ ಮುಚ್ಚಳದ ಹಾಗೆ. ಸ್ವಲ್ಪ ತಿರುಗಿಸಿದರೆ ಕಚ್ಚು ಬಿಡುತ್ತದೆ. ತುಕ್ಕು ಹಿಡಿದಿದ್ದರೆ ಸುತ್ತ ಸ್ಪಿರಿಟ್ ಹಚ್ಚಿ ಒಂದು ಟೀ ಕುಡಿದು ಬಾ. ರಿಂಗ್ ಬಂದರೆ ಗಾಜೂ ಬರುತ್ತದೆ. ಗಾಜಿನ ಒಳಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸು. ಅಂಕಿ ಸ್ಪಷ್ಟವಾಗಿ ಕಾಣುವವರೆಗೆ ಒರೆಸು. ಮುಳ್ಳನ್ನು ಮಾತ್ರ ಮುಟ್ಟಬೇಡ, ಕೂದಲೆಳೆಯಷ್ಟು ಬಾಗಿದರೂ ಸುಳ್ಳು ಹೇಳಲು ಶುರುಮಾಡುತ್ತದೆ.

ಒಂದು ಮಾತು. ನಿನ್ನ ಅಕ್ಷರ ಯಾಕೆ ಇಷ್ಟು ದಪ್ಪ? ಒಂದು ಪುಟಕ್ಕೆ ಏಳೆಂಟು ಸಾಲು, ಅದೂ ಗೆರೆ ಬಿಟ್ಟು ಅಟ್ಟ ಹತ್ತುತ್ತಿವೆ. ಅಂಚೆಯವರು ದೂರದಿಂದಲೇ ಓದಿಕೊಳ್ಳಲಿ ಅಂತಲೇ?

ನಿನ್ನ
ಗಿಡ್ಡಿ

*

ಫೆಬ್ರವರಿ 6

ಗಿಡ್ಡಿ,

ಆಯಿತು! ಮೂರನ್ನೂ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದ್ದೇನೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಸೀರೆ ಹಾಸಿಕೊಂಡು ಡಾಕ್ಟರ ಹಾಗೆ ಕೂತಿದ್ದೆ. ಟೈಲರಮ್ಮ ನರ್ಸು. “ಮೇಡಂ, ಇದೆಲ್ಲ ಮತ್ತೆ ಜೋಡಿಸೋಕೆ ಬರುತ್ತಾ?” ಅಂತ ಅವಳ ಅನುಮಾನ. “ಬಿಚ್ಚೋಕೆ ಬಂದ ಕೈಗೆ ಜೋಡಿಸೋಕೆ ಬರಲ್ವೇನೇ?” ಅಂದೆ.

ನೀನು ಹೇಳಿದ ಹಾಗೇ ದೊಡ್ಡ ಮೀಟರಿನ ರಿಂಗಿಗೆ ಸ್ಪಿರಿಟ್ ಹಚ್ಚಿದೆ, ಟೀ ಕುಡಿದೆ, ತಿರುಗಿಸಿದೆ, ಕಚ್ಚು ಬಿಟ್ಟಿತು. ಗಾಜನ್ನು ಒಳಗೂ ಹೊರಗೂ ಒರೆಸಿದೆ. ಆದರೂ ಅಂಕಿ ಮಸುಕು. ನೀನು ಬರೆದಿದ್ದೆಯಲ್ಲ, ಸ್ಪಷ್ಟವಾಗಿ ಕಾಣುವವರೆಗೆ ಒರೆಸು ಅಂತ. ಕೊಳೆ ಗಾಜಿನ ಮೇಲಿಲ್ಲ, ಒಳಗಿನ ಬಿಳಿ ಡಯಲ್ ಮೇಲೇ ಕೂತಿದೆ ಅಂತ ಆಗ ಹೊಳೆಯಿತು. ಸ್ಪಿರಿಟಿನಲ್ಲಿ ಬಟ್ಟೆ ಅದ್ದಿ ಉಜ್ಜಿದೆ ನೋಡು, ಬಟ್ಟೆ ಕಪ್ಪಗೆ ಬಂತು! ಮತ್ತೆ ಉಜ್ಜಿದೆ, ಮತ್ತೂ ಕಪ್ಪು. ಎಷ್ಟು ವರ್ಷದ ಹೊಗೆ ಕೂತಿತ್ತೋ ಏನೋ. ಮುಳ್ಳಿಗೆ ಸೋಕದ ಹಾಗೆ ಬೆರಳ ತುದಿಗೆ ಬಟ್ಟೆ ಸುತ್ತಿಕೊಂಡು ಉಜ್ಜಿದ್ದೇನೆ, ಹೆದರಬೇಡ. ಬಟ್ಟೆಗೆ ಕಪ್ಪು ಬರುವುದು ನಿಂತ ಮೇಲೇ ಬಿಟ್ಟದ್ದು. ಅಷ್ಟರಲ್ಲಿ ಸ್ಪಿರಿಟ್ ಖಾಲಿಯಾಯಿತು, ಚಿಕ್ಕವೆರಡಕ್ಕೆ ಬರೀ ಗಾಜು ಒರೆಸಿದೆ. ದೊಡ್ಡದು ಈಗ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗೆ ಹೊಳೆಯುತ್ತಿದೆ. ಅಂಕಿ ಮಾತ್ರ ಇನ್ನೂ ಸ್ವಲ್ಪ ಮಸುಕು, ಒಣಗಿದ ಮೇಲೆ ಸರಿಹೋಗಬಹುದು.

ಒಂದು ಸಣ್ಣ ತಮಾಷೆ ನಡೆದಿದೆ. ಪೆಟ್ರೋಲ್ ಹಾಕಿಸಿದಷ್ಟೂ ಎಂಜಿನ್ ಬಿಸಿಯಾಗಿದೆ ಅಂತ ಮುಳ್ಳು ಮೇಲೇರುತ್ತದೆಯಂತೆ. ಟೈಲರಮ್ಮ ನೋಡಿ ಹೇಳಿದಳು. ನೀನು ಹೇಳಿದ ಬಣ್ಣದ ದಾರವನ್ನೇ ಕಟ್ಟಿದ್ದೆ. ಅವಳು ಕೊಟ್ಟದ್ದು ಎರಡೂ ಕಪ್ಪು ದಾರವೇ ಇರಬೇಕು.

ಅಕ್ಷರದ ವಿಚಾರಕ್ಕೆ ಬಂದರೆ, ದಪ್ಪ ಮನುಷ್ಯರ ಅಕ್ಷರ ದಪ್ಪವಿರುತ್ತದೆ. ಮುಂದಿನ ಮಾತು ಹೇಳು.

ಗೆದ್ದ
ಅಮ್ಮ

*

ಫೆಬ್ರವರಿ 18

ಅಕ್ಕಾ,

ನೀವು ನನ್ನನ್ನು ನೋಡಿಲ್ಲ. ನಿಮ್ಮ ಅಮ್ಮನ ಹತ್ತಿರ ಕಾರು ಕಲಿಯುತ್ತಿರುವ ಟೈಲರ್ ನಾನು. ನಿಮ್ಮ ವಿಳಾಸ ಕವರಿನ ಹಿಂದೆ ಇತ್ತು. ನಿಮ್ಮ ಕಾಗದ ಅವರಿಗೆ ಓದಿ ಹೇಳಿದ್ದೇ ನಾನು. “ಕನ್ನಡಕ ಎಲ್ಲೋ ಇಟ್ಬಿಟ್ಟಿದೀನಿ, ನೀನೇ ಓದೇ” ಅಂದರು. ಕನ್ನಡಕ ಅವರ ತಲೆಯ ಮೇಲೇ ಇತ್ತು. ಹೇಳಲು ಧೈರ್ಯವಾಗಲಿಲ್ಲ.

ಮೀಟರ್ ತೊಳೆದ ದಿನ ನಾನು ಎರಡನೆಯ ಸಲ ಟೀ ಮಾಡಲು ಒಲೆಯ ಹತ್ತಿರ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಡಯಲ್ ಪೂರ್ತಿ ಬಿಳಿ. ಅಂಕಿ ಒಂದೂ ಇಲ್ಲ ಅಕ್ಕಾ. ಮುಳ್ಳು ಒಂದೇ ನಿಂತಿದೆ, ಕೆಳಗೆ ಖಾಲಿ. ಮೇಡಂ ಅದನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿದು, “ಹೆಂಗಿದೆ?” ಅಂದರು. ಅವರ ಮುಖದಲ್ಲಿ ಎಂಥ ಖುಷಿ ಇತ್ತು ಗೊತ್ತಾ? “ಫಳಫಳ ಅಂತಿದೆ ಮೇಡಂ” ಅಂದುಬಿಟ್ಟೆ. ಸುಳ್ಳಂತೂ ಅಲ್ಲ.

ದಾರದ ವಿಷಯಕ್ಕೆ ಬರೆಯದೆ ಇರಲಾಗಲಿಲ್ಲ. ನಾನು ಕೊಟ್ಟದ್ದು ಒಂದು ನೀಲಿ, ಒಂದು ಕಪ್ಪು. ಬಣ್ಣದಲ್ಲಿ ನಾನು ತಪ್ಪುವವಳಲ್ಲ, ನನ್ನ ಹೊಟ್ಟೆಪಾಡೇ ಅದು.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಿನ್ನೆ ದೊಡ್ಡ ರಸ್ತೆಯ ಸಿಗ್ನಲ್ ಹತ್ತಿರ ಕೆಂಪು ದೀಪ ಇತ್ತು. ಮೇಡಂ “ಹೋಗು, ಹೋಗು, ಯಾಕೆ ನಿಂತೆ?” ಅಂತ ಗದರಿದರು. ಅವರ ಮಾತಿಗೆ ಹೆದರಿ ಕ್ಲಚ್ ಬಿಟ್ಟೆ. ಅಡ್ಡ ಒಬ್ಬರು ಮಗುವನ್ನು ಕೂರಿಸಿಕೊಂಡು ಸೈಕಲ್ಲಿನಲ್ಲಿ ಬಂದರು. ಬ್ರೇಕ್ ಒತ್ತಿದ್ದು ನಾನು. ಯಾವಾಗಲೂ ನನಗಿಂತ ಮೊದಲು ಮೇಡಂ ಕಾಲಡಿಯ ಬ್ರೇಕು ಬೀಳುತ್ತಿತ್ತು. ನಿನ್ನೆ ಬೀಳಲಿಲ್ಲ.

ಅವರು ಕಲಿಸುವುದು ಬಿಟ್ಟರೆ ನನ್ನ ವ್ಯಾನಿನ ಕನಸು ಅಲ್ಲಿಗೇ ನಿಲ್ಲುತ್ತದೆ, ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ. ಹಿಂದಿನಿಂದ ಎಲ್ಲರೂ ಅವರನ್ನು ಕ್ಲಚ್ಚಮ್ಮ ಅಂತಾರೆ, ಎದುರಿಗೆ ಉಸಿರೆತ್ತುವವರಿಲ್ಲ.

ಇಂತಿ
ಟೈಲರ್

*

ಫೆಬ್ರವರಿ 25

ಅಮ್ಮಾ,

ಈ ಕಾಗದವನ್ನು ಯಾರಿಂದಲೂ ಓದಿಸಬೇಡ. ನೀನೇ ಓದಲಿ ಅಂತ ನಿನ್ನ ಹಾಗೆಯೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಬಿಸಿಲಲ್ಲಿ ಕೂತು ಓದು.

ಬಟ್ಟೆಗೆ ಬಂದ ಕಪ್ಪು ಹೊಗೆಯಲ್ಲ. ಅದು ಅಂಕಿ. ಹತ್ತು, ಇಪ್ಪತ್ತು, ಮೂವತ್ತು, ಎಲ್ಲವನ್ನೂ ನೀನು ಒರೆಸಿ ಹಾಕಿದ್ದೀಯ. ನಿನ್ನ ಕಾಗದದಲ್ಲಿ ‘ಬಟ್ಟೆ ಕಪ್ಪಗೆ ಬಂತು’ ಅಂತ ಓದಿದಾಗ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಮೊದಲು ನಕ್ಕೆ. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕೆ. ಆಮೇಲೆ, ಅಂಕಿ ಅಳಿಸಿಹೋಗುತ್ತಿರುವುದು ಉಜ್ಜುವವಳಿಗೆ ಯಾಕೆ ಕಾಣಲಿಲ್ಲ ಅನ್ನುವುದು ತಲೆಗೆ ಬಂತು. ನೀಲಿ ದಾರ ಕಪ್ಪಾಗಿ ಕಂಡದ್ದು, ಅಕ್ಷರ ಅಟ್ಟ ಹತ್ತಿದ್ದು, ಗ್ಯಾರೇಜಿನವರಿಗೆ ಚೆನ್ನಾಗೇ ಕಂಡ ಗಾಜು ನಿನಗೊಬ್ಬಳಿಗೆ ಮಸುಕಾಗಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅಮ್ಮಾ, ಪೊರೆ ಕಟ್ಟಿದೆ ಅಂತ ನೀನು ಬರೆದದ್ದು ನಿಜ. ಅದು ಮೀಟರಿಗೆ ಕಟ್ಟಿದ್ದಲ್ಲ.

ನನಗೆ ಭಯವಾಗಿದೆ. ನಿನ್ನ ಕಣ್ಣಿಗೆ ಏನಾದೀತು ಅಂತ ಅಲ್ಲ, ಪೊರೆ ತೆಗೆಯುವುದು ಈಗ ದೊಡ್ಡ ವಿಷಯವೇ ಅಲ್ಲ. ನೀನು ಹಟ ಹಿಡಿದು ನಾಳೆಯೂ ರಸ್ತೆಗಿಳಿಯುತ್ತೀಯ ಅಂತ.

ನಾನು ಕಡೆಯ ಸಲ ಸ್ಟೇರಿಂಗ್ ಹಿಡಿದ ದಿನ ನೆನಪಿದೆಯಾ? ಹಿಂದಿನ ಸೀಟಿನಲ್ಲಿ ನಿನ್ನ ಇಬ್ಬರು ವಿದ್ಯಾರ್ಥಿನಿಯರು. ನಾನು ಗೇರ್ ತಪ್ಪಿಸಿದೆ, ನೀನು ಬೈದೆ, ಅವರು ನಕ್ಕರು. ಕಣ್ಣಲ್ಲಿ ನೀರು ತುಂಬಿ ನನಗೆ ರಸ್ತೆಯೇ ಕಾಣುತ್ತಿರಲಿಲ್ಲ. ಆಗ ನೀನು ಹೇಳಿದ್ದು ಇದು: “ಗಾಜು ಮಸುಕಾದ್ರೂ ಅಷ್ಟೆ, ಕಣ್ಣು ಮಸುಕಾದ್ರೂ ಅಷ್ಟೆ. ಮೊದ್ಲು ಗಾಡಿ ನಿಲ್ಸು. ಒರೆಸ್ಕೋ. ಆಮೇಲೆ ಹೊರಡು.” ನಾನು ನಿಲ್ಲಿಸಿದೆ, ಇಳಿದೆ, ಮನೆಗೆ ನಡೆದುಕೊಂಡು ಹೋದೆ. ಆ ದಿನ ನಿನ್ನ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಆದರೆ ನೀನು ಹೇಳಿದ್ದು ಸರಿಯಿತ್ತು.

ಗಾಡಿ ನಿಲ್ಲಿಸು, ಅಮ್ಮ.

ನಿನ್ನ
ಗಿಡ್ಡಿ

*

ಮಾರ್ಚ್ 14

ನನಗೆ ಪಾಠ ಹೇಳುವಷ್ಟು ದೊಡ್ಡವಳಾದೆಯಾ?

ನಿನ್ನ ಕಾಗದ ಓದಿ ಒಲೆಗೆ ಹಾಕಬೇಕು ಅಂದುಕೊಂಡೆ. ನಾನು ಕಲಿಸಿದವರಲ್ಲಿ ಒಬ್ಬರೂ ಇದುವರೆಗೆ ಒಂದು ಕೋಳಿಗೂ ಗುದ್ದಿಲ್ಲ. ಡ್ರೈವಿಂಗ್ ನನಗೆ ಕಾಲಿನಲ್ಲಿದೆ, ಕಿವಿಯಲ್ಲಿದೆ. ಎಂಜಿನ್ ಶಬ್ದ ಕೇಳಿಯೇ ವೇಗ ಹೇಳುತ್ತೇನೆ. ಇದನ್ನೆಲ್ಲ ಬರೆದು ನಿನ್ನ ಮುಖಕ್ಕೆ ಎಸೆಯಬೇಕೆಂದೇ ಕೂತೆ. ಬರೆದದ್ದನ್ನು ಹರಿದು ಹಾಕಿದೆ. ಇದು ಎರಡನೆಯ ಕಾಗದ.

ನಡೆದದ್ದು ಇಷ್ಟು. ಟೈಲರಮ್ಮನನ್ನು ಗಾಡಿಯಲ್ಲಿ ಕೂರಿಸಿದೆ, ಎಂಜಿನ್ ಶುರುಮಾಡಲು ಬಿಡಲಿಲ್ಲ. “ಈ ಮೀಟರ್‌ನಲ್ಲಿ ಎಷ್ಟು ಅಂಕಿ ಇದೆ, ಎಣಿಸಿ ಹೇಳು” ಅಂದೆ. ಅವಳು ಸೆರಗು ತಿರುಚುತ್ತಾ ಕೂತಳು. “ಹೇಳೇ, ನಾನೇನು ನುಂಗ್ತೀನಾ?” ಅಂದೆ. “ಒಂದೂ ಇಲ್ಲ ಮೇಡಂ” ಅಂದಳು. ಅಂದವಳೇ ಅಳಲು ಶುರು. ನಾನು ಅವಳಿಗೆ ಸಮಾಧಾನ ಮಾಡಬೇಕಾಯಿತು, ನೋಡು ನನ್ನ ಹಣೆಬರಹ.

ಅವಳು ಹೋದ ಮೇಲೆ ಒಬ್ಬಳೇ ಕೂತಿದ್ದೆ. ಆ ಬಿಳಿ ಡಯಲ್ ಮೇಲೆ ನನಗೆ ಅಂಕಿ ಕಾಣುತ್ತಿತ್ತು ಕಣೇ. ಮಸುಕಾಗಿ, ಆದರೆ ಕಾಣುತ್ತಿತ್ತು. ನಲವತ್ತು ಇರುವ ಜಾಗದಲ್ಲಿ ನಲವತ್ತು. ಇಷ್ಟು ವರ್ಷ ನೋಡಿ ನೋಡಿ ಎಲ್ಲಿ ಏನಿದೆ ಅಂತ ಕಣ್ಣಿಗೆ ರೂಢಿಯಾಗಿತ್ತು, ಅಷ್ಟೇ. ಹಾಗಾದರೆ ರಸ್ತೆಯಲ್ಲೂ ನಾನು ನೋಡುತ್ತಿದ್ದದ್ದು ಇರುವುದನ್ನೋ, ರೂಢಿಯಲ್ಲಿದ್ದದ್ದನ್ನೋ? ಆ ಸೈಕಲ್ಲಿನ ಮಗುವಿನ ವಿಷಯ ನಿನಗೆ ಯಾರು ಬರೆದರು ಅಂತ ಕೇಳುವುದಿಲ್ಲ. ದಾರ ನೀಲಿಯೇ ಇತ್ತು ಅಂತ ನಿನಗೆ ತಿಳಿಸಿದವರು ಅದನ್ನೂ ತಿಳಿಸಿಯೇ ಇರುತ್ತಾರೆ, ನೀನು ಬರೆಯದೆ ಬಿಟ್ಟೆ, ಅಷ್ಟು ಸಾಕು.

ಬಾಗಿಲಿಗೆ ‘ಕ್ಲಾಸ್ ಇಲ್ಲ’ ಅಂತ ಹಲಗೆ ಹಾಕಿದ್ದೇನೆ. ಮಳೆ ಬಂದರೂ, ಮೈ ಬಿಸಿಯಾದರೂ ಹಾಕದ ಹಲಗೆ. ಬರೆದದ್ದು ಟೈಲರಮ್ಮ. ನಾನು ಬರೆದರೆ ಬೀದಿಯ ಆ ತುದಿಗೂ ಕಾಣುವಷ್ಟು ದಪ್ಪವಾಗುತ್ತದೆ.

ಅಮ್ಮ

*

ಏಪ್ರಿಲ್ 2

ಅಮ್ಮಾ,

ಪಾರ್ಸೆಲ್ ಬಂತು. ಒಳಗೆ ಕಾಗದವೇನಾದರೂ ಇದೆಯಾ ಅಂತ ಬಟ್ಟೆ ಕೊಡವಿ ನೋಡಿದೆ. ಇರಲಿಲ್ಲ. ಮೀಟರನ್ನು ಸುತ್ತಿದ್ದದ್ದು ನನ್ನ ಹಳೆಯ ಸ್ವೆಟರ್. ಇಷ್ಟು ವರ್ಷ ಅದನ್ನು ಇಟ್ಟುಕೊಂಡಿದ್ದೆ ಅಂತ ನನಗೆ ಗೊತ್ತಿರಲಿಲ್ಲ.

ಮೊದಲು ನಿನಗೊಂದು ಮೆಚ್ಚುಗೆ. ಮುಳ್ಳು ಒಂದಿಷ್ಟೂ ಬಾಗಿಲ್ಲ. ಬೆನ್ನಿನಲ್ಲಿ ಕೇಬಲ್ ಕೂರುವ ಜಾಗದ ಹಲ್ಲು ಒಂದೂ ಸವೆದಿಲ್ಲ. ರಿಂಗಿನ ಮೇಲೆ ಗೀರಿಲ್ಲ. ನಮ್ಮಲ್ಲಿ ಕೆಲಸ ಕಲಿಯಲು ಬಂದವರು ಮೊದಲ ಮೀಟರನ್ನು ಇಷ್ಟು ಚೆನ್ನಾಗಿ ಬಿಚ್ಚಿದ್ದನ್ನು ನಾನು ನೋಡಿಲ್ಲ. ಕಣ್ಣು ಕಾಣದೆ ಇಷ್ಟು ಮಾಡಿದೆ! ವರ್ಕ್‌ಶಾಪಿನ ಯಜಮಾನರಿಗೆ ತೋರಿಸಿ, ಇದನ್ನು ಬಿಚ್ಚಿದ್ದು ನಮ್ಮಮ್ಮ ಅಂತ ಜಂಬ ಕೊಚ್ಚಿಕೊಂಡೆ. ಡಯಲ್ ಬಗ್ಗೆ ಕೇಳಿದರು. “ಅದು ಅವರ ಸ್ವಂತ ಡಿಸೈನು” ಅಂದೆ.

ಅಂಕಿಗಳನ್ನು ನಾನು ಬರೆಯುತ್ತೇನೆ. ಗಾಜು ಕೂರುವ ರಬ್ಬರ್ ಸುತ್ತೂ ಒಡೆದಿದೆ, ಅದನ್ನೂ ಹೊಸದು ಹಾಕುತ್ತೇನೆ. ನಿಧಾನದ ಕೆಲಸ. ಅಷ್ಟರಲ್ಲಿ ನೀನು ನಿನ್ನ ಕೆಲಸ ಮುಗಿಸು. ಆಸ್ಪತ್ರೆಗೆ ನಾನು ಬರಲಾ?

ಗಿಡ್ಡಿ

*

ಮೇ 20

ಗಿಡ್ಡಿ,

ಬರಬೇಡ ಅಂದದ್ದಕ್ಕೆ ಬೇಜಾರಾಗಬೇಡ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ನನ್ನನ್ನು ನೋಡಲು ನೀನು ಬರುವುದು ನನಗೆ ಬೇಕಿರಲಿಲ್ಲ. ಬಂದಾಗ ನಾನು ನಿನ್ನನ್ನು ನೋಡಬೇಕು.

ಬಲಗಣ್ಣು ಮುಗಿದಿದೆ, ಎಡಗಣ್ಣು ಮುಂದಿನ ತಿಂಗಳು. ಪಟ್ಟಿ ಬಿಚ್ಚಿದ ನರ್ಸು, “ಅಮ್ಮಾ, ಏನು ಕಾಣ್ತಿದೆ?” ಅಂದಳು. “ನಿನ್ನ ಅಂಗಿಗೆ ಒಂದು ಗುಂಡಿ ಬೇರೆ ಬಣ್ಣದ್ದು ಹಾಕಿದೀಯ” ಅಂದೆ. ಅವಳು ಅಷ್ಟು ಎತ್ತರದ ಹುಡುಗಿ, ನಗುತ್ತಾ ನೆಟ್ಟಗಾದಾಗ ಮೇಲಿನ ದೀಪಕ್ಕೆ ತಲೆ ತಾಗಿಸಿಕೊಂಡಳು.

ಮನೆಗೆ ಬಂದು ನೋಡಿದರೆ, ಅಯ್ಯೋ, ಎಂಥ ಧೂಳು! ಗೋಡೆ ನಾನು ಅಂದುಕೊಂಡ ಬಣ್ಣವೇ ಅಲ್ಲ. ಕನ್ನಡಿಯಲ್ಲಿ ಯಾರೋ ನಮ್ಮ ಅಜ್ಜಿ ನಿಂತಿದ್ದರು. ನೀಲಿ ದಾರ ನೀಲಿಯಾಗಿದೆ. ವೈರುಗಳನ್ನು ಅದಲು ಬದಲು ಮಾಡಿ ಸರಿಪಡಿಸಿದೆ, ಪೆಟ್ರೋಲ್ ಹಾಕಿದರೆ ಈಗ ಪೆಟ್ರೋಲೇ ಏರುತ್ತದೆ. ಆ ದೊಡ್ಡ ಮೀಟರಿನ ಜಾಗದಲ್ಲಿ ಮಾತ್ರ ಗುಂಡಗೆ ತೂತು. ಹಲ್ಲು ಬಿದ್ದ ಬಾಯಿಯ ಹಾಗಿದೆ, ಬೇಗ ಕಳಿಸು.

ಟೈಲರಮ್ಮ ಪರೀಕ್ಷೆ ಮುಂದಕ್ಕೆ ಹಾಕಿಸಿಕೊಂಡಿದ್ದಾಳೆ. ಬೇರೆ ಕಡೆ ಕಲಿ ಅಂದರೆ, “ಬೇರೆಯವರು ಬೈದ್ರೆ ನಂಗೆ ಅರ್ಥ ಆಗಲ್ಲ ಮೇಡಂ” ಅಂತಾಳೆ.

ಒಂದೂವರೆ ಕಣ್ಣಿನ
ಅಮ್ಮ

*

ಜೂನ್ 29

ಅಮ್ಮಾ,

ಮೀಟರ್ ಕಳಿಸಿದ್ದೇನೆ. ಬಿಚ್ಚಿದ ಕ್ರಮವನ್ನು ಹಿಂದುಮುಂದಾಗಿ ಮಾಡಿದರೆ ಕೂರುತ್ತದೆ, ನಿನಗೆ ಹೇಳಿಕೊಡಬೇಕಾದ್ದು ಏನೂ ಉಳಿದಿಲ್ಲ. ಸ್ವೆಟರನ್ನು ಇಟ್ಟುಕೊಂಡಿದ್ದೇನೆ.

ಅಂಕಿಗಳನ್ನೆಲ್ಲ ಬರೆದಿದ್ದೇನೆ, ಒಂದನ್ನು ಬಿಟ್ಟು. ನಲವತ್ತು ಬರೆದಿಲ್ಲ. ಅದು ನಿನ್ನದು. ಸಣ್ಣ ಕುಂಚ, ಕಪ್ಪು ಬಣ್ಣದ ಪುಟ್ಟ ಸೀಸೆ ಜೊತೆಯಲ್ಲಿವೆ. ರಿಂಗ್ ಬಿಗಿ ಮಾಡಿಲ್ಲ. ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಕಿಟಕಿಯ ಹತ್ತಿರ ಕೂತು ಬರಿ.

ಗಿಡ್ಡಿ

*

ಜುಲೈ 23

ಗಿಡ್ಡಿ,

ಅಂಕಿಗಳನ್ನು ಮೊದಲಿದ್ದದ್ದಕ್ಕಿಂತ ದೊಡ್ಡದಾಗಿ ಯಾಕೆ ಬರೆದೆ? ನಾನೇನು ಕುರುಡಿಯೇ? ನನಗೆ ಕಾಣುವುದಿಲ್ಲ ಅಂದುಕೊಂಡೆಯಾ? ಈಗ ಎರಡೂ ಕಣ್ಣಿನಲ್ಲಿ ನೀನು ಬರೆದ ಎಂಬತ್ತರ ಸೊನ್ನೆ ಸ್ವಲ್ಪ ಓರೆ ಇರುವುದೂ ಕಾಣುತ್ತದೆ.

ನಲವತ್ತು ಬರೆದೆ. ಮೂರು ಸಲ ಕಾಗದದ ಮೇಲೆ ಬರೆದು ಕೈ ಪಳಗಿಸಿಕೊಂಡೇ ಬರೆದದ್ದು, ಆದರೂ ನಿನ್ನ ಅಂಕಿಗಳ ಸಾಲಿನಲ್ಲಿ ಅದು ಮದುವೆಮನೆಗೆ ಕರೆಯದೆ ಬಂದವರ ಹಾಗಿದೆ. ಇರಲಿ. ಹಾಗಿದ್ದರೇ ಎಲ್ಲರ ಕಣ್ಣೂ ಮೊದಲು ಅದರ ಮೇಲೆ ಬೀಳುತ್ತದೆ.

‘ಕ್ಲಾಸ್ ಇಲ್ಲ’ ಹಲಗೆ ತೆಗೆದಿದ್ದೇನೆ. ಡಾಕ್ಟರು ಪರೀಕ್ಷೆ ಮಾಡಿ, ಓಡಿಸಬಹುದು, ಕಲಿಸಬಹುದು ಅಂತ ಬರೆದುಕೊಟ್ಟ ಮೇಲೆಯೇ ತೆಗೆದದ್ದು, ಕೇಳುವ ಮೊದಲೇ ಹೇಳಿಬಿಡುತ್ತೇನೆ. ಟೈಲರಮ್ಮನನ್ನು ಅದೇ ಸಿಗ್ನಲ್ಲಿಗೆ ಕರೆದುಕೊಂಡು ಹೋದೆ. ಕೆಂಪು ದೀಪ ಕೆಂಪಗೆ ಉರಿಯುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಹಸಿರು ಬಂದ ಮೇಲೆ ಹಿಂದಿನವರು ಹಾರನ್ ಹೊಡೆಯಬೇಕಾಯಿತು. ಮೊನ್ನೆ ಅವಳು ಪರೀಕ್ಷೆ ಪಾಸಾದಳು.

ನಿನಗೆ ಒಂದು ವಿಷಯ ಗೊತ್ತಿಲ್ಲ. ಅವತ್ತು ಹಿಂದಿನ ಸೀಟಿನಲ್ಲಿ ಕೂತು ನಕ್ಕರಲ್ಲ ಆ ಇಬ್ಬರು, ಅವರನ್ನು ಅಲ್ಲೇ ರಸ್ತೆಯಲ್ಲಿ ಇಳಿಸಿದೆ. ನಾಳೆಯಿಂದ ಬರಬೇಡಿ ಅಂದೆ. ಆಮೇಲೆ ನಿನ್ನ ಹಿಂದೆಯೇ ಗಾಡಿ ಬಿಟ್ಟುಕೊಂಡು ಮನೆಯವರೆಗೂ ಬಂದೆ, ಮೊದಲನೇ ಗೇರಿನಲ್ಲಿ. ನೀನು ತಿರುಗಿ ನೋಡಲಿಲ್ಲ. ನಾನೂ ಹಾರನ್ ಹೊಡೆಯಲಿಲ್ಲ. ಹೊಡೆಯಬೇಕಿತ್ತೋ ಏನೋ.

ನಾನು ಗಾಡಿ ನಿಲ್ಲಿಸಿದೆ, ಒರೆಸಿಕೊಂಡೆ, ಹೊರಟೆ. ನೀನು ನಿಲ್ಲಿಸಿದ್ದೀಯ. ಒರೆಸಿಕೊಂಡದ್ದೂ ಆಗಿರಬೇಕು, ಎಷ್ಟು ಕಾಲವಾಯಿತು. ಹೊರಡುವುದೊಂದು ಬಾಕಿ ಇದೆ.

ಟೈಲರಮ್ಮನ ಜಾಗಕ್ಕೆ ಈಗ ಆ ಎತ್ತರದ ನರ್ಸು ಸೇರಿದ್ದಾಳೆ. ಮೊಣಕಾಲು ಸ್ಟೇರಿಂಗಿಗೆ ತಾಗುತ್ತದೆ, ಸೀಟು ಹಿಂದಕ್ಕೆ ತಳ್ಳಿ ಮೇಡಂ ಅಂತ ದಿನಾ ಗೊಣಗುತ್ತಾಳೆ. ಗೊಣಗಲಿ. ನಿನ್ನ ಕಾಲಿಗೆ ಕ್ಲಚ್ ಎಟುಕುವ ಹಾಗೆ ಸೀಟನ್ನು ಮುಂದಕ್ಕೆ ಎಳೆದಿಟ್ಟಿದ್ದೇನೆ. ನೀನು ಬರುವವರೆಗೆ ಅದು ಹಿಂದಕ್ಕೆ ಹೋಗುವುದಿಲ್ಲ.

ಪಕ್ಕದ ಸೀಟಿನಲ್ಲಿರುವ
ಅಮ್ಮ